ಹಲ್ಲು ಎಣಿಸಿ ಕೊಳ್ಳಿ

ಕಡ್ಡಿರಾಂಪುರದ ಬೈಕು, ಟ್ರ್ಯಾಕ್ಟರುಗಳ ರಿಪೇರಿಗೆ ದುಬಾರಿ ವಿದೇಶಿ ಟೂಲ್ ಸೆಟ್ ಬೇಕಿಲ್ಲ. ಕೈಗೆಟಕುವ ಬೆಲೆಯ ರ‍್ಯಾಚೆಟ್ ಸಾಕು, ಆದರೆ ಹಲ್ಲು ಎಣಿಸಿ ಕೊಳ್ಳಬೇಕು. 24 ಹಲ್ಲಿನದಾದರೆ ಹಿಡಿ 15 ಡಿಗ್ರಿ ತಿರುಗಿದರಷ್ಟೇ ಮುಂದಿನ ಹಲ್ಲು ಸಿಗುತ್ತದೆ; 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಎಂಜಿನ್ ಪಕ್ಕದ ಇಕ್ಕಟ್ಟಿನಲ್ಲಿ ಬೆರಳಿನ ಚರ್ಮ ಉಳಿಸುವುದು ಆ ವ್ಯತ್ಯಾಸವೇ.

ನನಗೆ ಹೆಚ್ಚು ಪ್ರೀತಿ ಟಾರ್ಕ್ ರೆಂಚ್ ಮೇಲೆ. ಇಟ್ಟಷ್ಟು ಬಿಗಿ ಬಂದೊಡನೆ 'ಟಕ್' ಎನ್ನುತ್ತದೆ. ಅಲ್ಲಿಗೆ ಕೈ ನಿಲ್ಲಿಸಿದರೆ ಅಲ್ಯೂಮಿನಿಯಂ ಎಂಜಿನ್ ಹೆಡ್ಡಿನ ಥ್ರೆಡ್ ಉಳಿಯುತ್ತದೆ, ಎಷ್ಟು ಸಮಾಧಾನ! ಸಂಡೂರಿನ ಅದಿರು ಲಾರಿಯ ಚಕ್ರದ ನಟ್ಟಿಗೆ ನೂರಾರು ನ್ಯೂಟನ್ ಮೀಟರ್ ಬೇಕು. ಬೈಕಿನ ಸಣ್ಣ ಬೋಲ್ಟಿಗೆ ಹತ್ತು–ಹನ್ನೆರಡು. ಎರಡಕ್ಕೂ ಒಂದೇ ರೆಂಚ್ ಒಗ್ಗದು. ಕೆಲಸ ಮುಗಿದ ಮೇಲೆ ಅದನ್ನು ಕನಿಷ್ಠ ಅಳತೆಗೆ ಇಳಿಸಿಡಿ, ಸ್ಪ್ರಿಂಗ್ ಸೋಲದು. ಜಂಗು ಹಿಡಿದ ನಟ್ ಬಿಚ್ಚಲು ಮಾತ್ರ ಅದನ್ನು ಮುಟ್ಟಬೇಡಿ.