ಕೊನೆಯ ಸಾಲು ಬರೆಯದೆ ಹೋದ ಟಾಮ್‌ಕ್ಯಾಟ್

ನಿಂತುಹೋದ ಸರ್ವರನ್ನು ಕಂಡ ತಕ್ಷಣ ಮತ್ತೆ ಎಬ್ಬಿಸುವುದು ನಮ್ಮೆಲ್ಲರ ಕೈಗೆ ಅಂಟಿರುವ ಅಭ್ಯಾಸ. ಗ್ರಾಹಕರು ಕಾಯುತ್ತಿರುತ್ತಾರೆ, ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ, ನಿಜ. ಆದರೂ ಎರಡು ನಿಮಿಷ ತಡೆಯಿರಿ ಎಂದೇ ನಾನು ಹೇಳುವುದು. ಇಡೀ ಯಂತ್ರವನ್ನು ರೀಬೂಟ್ ಮಾಡುವ ಮಾತಂತೂ ಬೇಡವೇ ಬೇಡ. ಲಿನಕ್ಸ್ ಕರ್ನಲ್ ತನ್ನ ವರದಿಗಳನ್ನು ಬರೆಯುವುದು ಮೆಮೊರಿಯಲ್ಲೇ ಇರುವ ಸಣ್ಣದೊಂದು ಬಫರ್‌ಗೆ. ಅವನ್ನು ಎತ್ತಿಕೊಳ್ಳುವ ಜರ್ನಲ್ ಡಿಸ್ಕ್‌ನಲ್ಲಿ ಉಳಿಯುವಂತೆ ಮೊದಲೇ ಏರ್ಪಾಡು ಮಾಡಿರದಿದ್ದರೆ ರೀಬೂಟ್ ಆದೊಡನೆ ಅಷ್ಟೂ ಹೋಯಿತು.

ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರನ್ನೇ ತೆಗೆದುಕೊಳ್ಳೋಣ. 1999ರಲ್ಲಿ ಸನ್ ಕಂಪನಿಯಿಂದ ಅಪಾಚೆಯವರ ಕೈಗೆ ಬಂದ ಈ ತಂತ್ರಾಂಶ ಇವತ್ತಿಗೂ ಸಾವಿರಾರು ಕಚೇರಿಗಳ ಬೆನ್ನೆಲುಬು. ಅದು ಸದ್ದಿಲ್ಲದೆ ನಿಂತಿತು ಎಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ: ಕ್ಯಾಟಲಿನಾ ಲಾಗ್‌ನ ಕೊನೆಯ ಸಾಲು ಯಾವುದು? ಕೇಳಿಸಿಕೊಂಡು ನಿಂತ ಟಾಮ್‌ಕ್ಯಾಟ್ ಹೇಳಿಯೇ ಹೋಗುತ್ತದೆ. ಪ್ರೋಟೊಕಾಲ್ ಹ್ಯಾಂಡ್ಲರನ್ನು ತಡೆಹಿಡಿಯುತ್ತಿದ್ದೇನೆ, ಸರ್ವಿಸ್ ನಿಲ್ಲಿಸುತ್ತಿದ್ದೇನೆ ಎಂಬ ಸಾಲುಗಳು ಅಲ್ಲಿ ಬಿದ್ದಿರುತ್ತವೆ. ಅವು ಇಲ್ಲದೆ, ಯಾವುದೋ ಸಾಮಾನ್ಯ ಕೋರಿಕೆಯ ವಿವರದ ನಡುವೆಯೇ ಲಾಗ್ ಕತ್ತರಿಸಿದಂತೆ ಮುಗಿದಿದ್ದರೆ, ಪ್ರಾಣ ಹೋದದ್ದು ಹೆಚ್ಚಾಗಿ ಹೊರಗಿನ ಏಟಿನಿಂದ ಎಂದು ಹಿಡಿಯಬೇಕು. ಲಾಗ್ ಖಾಲಿಯಾಗಿದೆ, ಸುಳಿವೇ ಇಲ್ಲ ಎಂದು ಕೈಚೆಲ್ಲುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಖಾಲಿತನವೇ ಮೊದಲ ಸುಳಿವು.

ಇಂಥ ಸಾವುಗಳ ಹಿಂದೆ ನಾನು ಹೆಚ್ಚಾಗಿ ಕಂಡಿರುವುದು ಕರ್ನಲ್‌ನ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್. ಮದುವೆಗೆ ಕರೆದವರೆಲ್ಲ ಮೊದಲ ಪಂಕ್ತಿಗೇ ಕೂರುವುದಿಲ್ಲ ಎಂಬ ಲೆಕ್ಕದಲ್ಲಿ ಎಲೆ ಹಾಕಿಸುತ್ತೇವಲ್ಲ, ಹಾಗೆ ಲಿನಕ್ಸ್ ಕೇಳಿದವರಿಗೆಲ್ಲ ಮೆಮೊರಿ ಕೊಡುತ್ತೇನೆಂದು ಒಪ್ಪಿಕೊಂಡಿರುತ್ತದೆ. ಎಲ್ಲರೂ ಒಟ್ಟಿಗೆ ಬಂದು ಕೂತ ದಿನ ಯಾರನ್ನಾದರೂ ಎಬ್ಬಿಸಲೇಬೇಕು. ಯಾರು ಎಷ್ಟು ಮೆಮೊರಿ ಹಿಡಿದಿದ್ದಾರೆ ಎಂದು ಕರ್ನಲ್ ಅಂಕ ಹಾಕಿ, ಅತಿ ಹೆಚ್ಚು ಅಂಕ ಪಡೆದ ಪ್ರೊಸೆಸ್‌ಗೆ ಸಿಗ್‌ಕಿಲ್, ಅಂದರೆ 9ನೇ ಸಿಗ್ನಲ್ ಕಳಿಸುತ್ತದೆ. ಈ ಸಿಗ್ನಲನ್ನು ಯಾವ ಪ್ರೋಗ್ರಾಮೂ ತಡೆಯಲಾಗದು, ಕೇಳಿಸಿಕೊಳ್ಳಲೂ ಆಗದು. ಲಾಗ್‌ಗೆ ಒಂದಕ್ಷರ ಬರೆಯುವ ಅವಕಾಶವೂ ಜಾವಾಕ್ಕೆ ಸಿಗುವುದಿಲ್ಲ. ಉಳಿಯುವುದು 137 ಎಂಬ ನಿರ್ಗಮನ ಸಂಖ್ಯೆ ಮಾತ್ರ, 128ಕ್ಕೆ 9 ಕೂಡಿಸಿದ್ದು.

ಕರ್ನಲ್ ವರದಿ ತೋರಿಸುವ ಡಿಮೆಸೇಜ್ ಕಮಾಂಡನ್ನು ದೊಡ್ಡಕ್ಷರದ 'ಟಿ' ಸೇರಿಸಿ ಓಡಿಸಿ. ಗಂಟೆ ನಿಮಿಷಗಳ ಸಮೇತ ವರದಿ ಬರುತ್ತದೆ. 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್' ಎಂಬ ಸಾಲಿನಲ್ಲಿ ಜಾವಾದ ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಸ್ವಲ್ಪ ಮೇಲೆ ಹೋದರೆ ಓಓಎಂ ಕಿಲ್ಲರನ್ನು ಕರೆದದ್ದು ಯಾರು ಎಂಬ ಸಾಲಿದೆ. ಅಲ್ಲಿ ಎಷ್ಟೋ ಸಲ ಬೇರೆಯೇ ಹೆಸರಿರುತ್ತದೆ: ರಾತ್ರಿಯ ಬ್ಯಾಕಪ್, ಫೋಟೊ ಕುಗ್ಗಿಸುವ ಸ್ಕ್ರಿಪ್ಟ್. ಕೊನೆಯ ತುತ್ತು ಕೇಳಿದವರು ಒಬ್ಬರು, ಎದ್ದು ಹೋಗಬೇಕಾದವರು ಇನ್ನೊಬ್ಬರು. ಆ ಸಾಲಿನ ಕೆಳಗಿನ ಪಟ್ಟಿಯಲ್ಲಿ ಆ ಗಳಿಗೆಯಲ್ಲಿ ಓಡುತ್ತಿದ್ದ ಪ್ರೊಸೆಸ್‌ಗಳ ಲೆಕ್ಕವಿದೆ. ಪ್ರೊಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ ತೋರಿಸುವ ಆರ್‌ಎಸ್‌ಎಸ್ ಅಂಕಣ ಓದುವಾಗ ಎಚ್ಚರ ಬೇಕು. ಅಲ್ಲಿರುವುದು ಕಿಲೊಬೈಟ್ ಅಲ್ಲ, ಪೇಜ್‌ಗಳ ಸಂಖ್ಯೆ. ಒಂದು ಪೇಜ್ ಸಾಮಾನ್ಯವಾಗಿ 4 ಕಿಲೊಬೈಟ್. ಜಾವಾದ ಎದುರು 850000 ಎಂದಿದ್ದರೆ ಅದು ಸುಮಾರು 3.2 ಜಿಬಿ.

ಇಲ್ಲಿ ಹುಟ್ಟುವ ಅನುಮಾನ ಸಹಜವಾದದ್ದೇ: ಹೀಪ್ ಮಿತಿಯನ್ನು 3 ಜಿಬಿಗೆ ಕಟ್ಟಿಹಾಕಿದ್ದೆವಲ್ಲ, ಹೆಚ್ಚಾದದ್ದು ಹೇಗೆ? ಆ ಮಿತಿ ಹಾಕುವ ಎಕ್ಸ್‌ಎಂಎಕ್ಸ್ ಆಯ್ಕೆ ಕಟ್ಟಿಹಾಕುವುದು ಹೀಪನ್ನು ಮಾತ್ರ. ಪ್ರತಿ ಥ್ರೆಡ್‌ಗೂ ಒಂದು ಸ್ಟ್ಯಾಕ್ ಇದೆ, 64 ಬಿಟ್ ಲಿನಕ್ಸ್‌ನಲ್ಲಿ ತಲಾ 1 ಎಂಬಿವರೆಗೆ. ಟಾಮ್‌ಕ್ಯಾಟ್ ತಾನಾಗಿಯೇ 200 ಕೆಲಸಗಾರ ಥ್ರೆಡ್‌ಗಳವರೆಗೆ ಬೆಳೆಯಬಲ್ಲದು. ಕ್ಲಾಸ್‌ಗಳ ವಿವರ ಕೂರುವ ಮೆಟಾಸ್ಪೇಸ್‌ಗೆ ನಾವಾಗಿ ಹಾಕದ ಹೊರತು ಮಿತಿಯೇ ಇಲ್ಲ. ಕೋಡ್ ಕ್ಯಾಶ್, ಡೈರೆಕ್ಟ್ ಬಫರ್‌ಗಳದು ಬೇರೆ ಪಾಲು. 4 ಜಿಬಿಯ ಯಂತ್ರದಲ್ಲಿ ಡೇಟಾಬೇಸನ್ನೂ ಕೂರಿಸಿ ಹೀಪ್‌ಗೆ 3 ಜಿಬಿ ಬರೆದುಕೊಟ್ಟವರು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಹೀಪ್ ಇಳಿಸಿ, ಇಲ್ಲವೇ ಡೇಟಾಬೇಸನ್ನು ಬೇರೆ ಯಂತ್ರಕ್ಕೆ ಸಾಗಿಸಿ. ಓಓಎಂ ಅಂಕವನ್ನು -1000ಕ್ಕೆ ತಂದು ಜಾವಾಕ್ಕೆ ಅಭಯ ಕೊಡುವ ಉಪಾಯ ಬಲ್ಲವರೂ ಇದ್ದಾರೆ. ನಾನದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಮುಂದಿನ ಏಟು ಬೀಳುವುದು ಡೇಟಾಬೇಸ್ ಮೇಲೆ, ಆ ನೋವು ಇನ್ನೂ ದೊಡ್ಡದು.

ಜಾವಾ ಯಂತ್ರವೇ ಒಳಗಿನಿಂದ ಮುರಿದುಬಿದ್ದರೆ ಎಚ್‌ಎಸ್-ಎರರ್ ಎಂಬ ಫೈಲನ್ನು ಅದು ಬಿಟ್ಟುಹೋಗುತ್ತದೆ. ಸರ್ವರ್ ಹೊರಟ ಫೋಲ್ಡರ್‌ನಲ್ಲಿ ಹುಡುಕಿ, ಅಲ್ಲಿಲ್ಲದಿದ್ದರೆ ಟೆಂಪ್‌ನಲ್ಲಿ. ಮೊದಲ ಪುಟದಲ್ಲೇ ಯಾವ ಲೈಬ್ರರಿಯೊಳಗೆ ಕುಸಿಯಿತು ಎಂಬುದಿರುತ್ತದೆ.

ಇನ್ನು, ಹೇಳಿಯೇ ಹೋದ ಸರ್ವರ್. ನಿಲ್ಲುವ ಸಾಲುಗಳೆಲ್ಲ ಲಾಗ್‌ನಲ್ಲಿವೆ, ಆದರೆ ನಿಲ್ಲಿಸಿದ್ದು ನಾನಲ್ಲ ಎಂದು ತಂಡದಲ್ಲಿ ಎಲ್ಲರೂ ಅನ್ನುತ್ತಾರೆ. 8005ನೇ ಪೋರ್ಟ್‌ಗೆ ಶಟ್‌ಡೌನ್ ಎಂಬ ಒಂದೇ ಪದ ಬಂದರೂ ಟಾಮ್‌ಕ್ಯಾಟ್ ನಿಲ್ಲುತ್ತದೆ, ಹಾಗಾದಾಗ ಶಟ್‌ಡೌನ್ ಪೋರ್ಟ್‌ನಿಂದ ಆಜ್ಞೆ ಬಂತೆಂದು ಲಾಗ್‌ನಲ್ಲೇ ಬರೆಯುತ್ತದೆ. ಆ ಸಾಲು ಇಲ್ಲವೆಂದರೆ ಉಳಿಯುವುದು ಸಿಗ್‌ಟರ್ಮ್‌ನಂತೆ ಕೇಳಿಸಿಕೊಳ್ಳಬಹುದಾದ ಸಿಗ್ನಲ್, ಇಲ್ಲವೇ ಅಪ್ಲಿಕೇಶನ್ ಒಳಗೆ ಯಾರೋ ಬರೆದಿಟ್ಟ ಸಿಸ್ಟಮ್ ಎಕ್ಸಿಟ್. ಇವೆರಡನ್ನು ಬೇರ್ಪಡಿಸುವ ಒಂದು ಉಪಾಯ ನನಗೆ ಬಹಳ ಇಷ್ಟ. ಶಟ್‌ಡೌನ್ ಹುಕ್ ಒಂದನ್ನು ಸೇರಿಸಿ, ಜೀವಂತವಾಗಿರುವ ಎಲ್ಲ ಥ್ರೆಡ್‌ಗಳ ಸ್ಟ್ಯಾಕನ್ನೂ ಅದರಿಂದ ಬರೆಸಿ. ಎಕ್ಸಿಟ್ ಕರೆದ ಥ್ರೆಡ್ ಹುಕ್‌ಗಳು ಮುಗಿಯಲೆಂದು ಕಾಯುತ್ತ ನಿಂತಿರುತ್ತದೆ, ಕರೆದ ಕ್ಲಾಸಿನ ಹೆಸರು, ಸಾಲಿನ ಸಂಖ್ಯೆಯ ಸಮೇತ ಸಿಕ್ಕಿಬೀಳುತ್ತದೆ. ಹೊರಗಿನಿಂದ ಸಿಗ್‌ಟರ್ಮ್ ಬಂದಿದ್ದರೆ ಅದೇ ಜಾಗದಲ್ಲಿ ಸಿಗ್‌ಟರ್ಮ್ ಹ್ಯಾಂಡ್ಲರ್ ಎಂಬ ಥ್ರೆಡ್ ಕಾಣುತ್ತದೆ. ಜಾವಾ 21ರಿಂದ ಎಕ್ಸಿಟ್ ಕರೆಯನ್ನು ದಾಖಲಿಸುವ ಲಾಗರ್ ಭಾಷೆಯಲ್ಲೇ ಬಂದಿದೆ. ಹೊಸ ಆವೃತ್ತಿಯಲ್ಲಿರುವವರು ಅದನ್ನು ತೆರೆದಿಟ್ಟರೆ ಸಾಕು.

ಸರ್ವರನ್ನು ನೋಡಿಕೊಳ್ಳುವ ಕೆಲಸವನ್ನು ಸಿಸ್ಟಮ್‌ಡಿಗೆ ವಹಿಸಿ, ಬಿದ್ದರೆ ತಾನೇ ಎಬ್ಬಿಸುವಂತೆ ಮಾಡಿಟ್ಟವರ ಮೇಲೆ ನನ್ನ ತಕರಾರಿಲ್ಲ, ಬಳಕೆದಾರರಿಗೆ ಅದು ಒಳ್ಳೆಯದೇ. ಆದರೆ ಎಬ್ಬಿಸುವ ಮುನ್ನ ನಿರ್ಗಮನ ಸಂಖ್ಯೆ, ಕರ್ನಲ್ ವರದಿ ಎರಡನ್ನೂ ಒಂದು ಫೈಲಿಗೆ ಎತ್ತಿಡುವ ಸ್ಕ್ರಿಪ್ಟನ್ನೂ ಜತೆಗೆ ಬರೆದಿಡಿ. ಇಲ್ಲದಿದ್ದರೆ ಸರ್ವರ್ ದಿನಕ್ಕೆರಡು ಸಲ ಸತ್ತು ಹುಟ್ಟುತ್ತಿದ್ದರೂ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಕರಣ ಎಂದರೆ ಸಂಖ್ಯೆ 137 ಇದ್ದು, ಕರ್ನಲ್ ವರದಿಯಲ್ಲಿ ಮೆಮೊರಿಯ ಮಾತೇ ಇಲ್ಲದಿರುವುದು. ಆಗ 9ನೇ ಸಿಗ್ನಲ್ ಕಳಿಸಿದ್ದು ಹೆಚ್ಚಾಗಿ ಮನುಷ್ಯರು ಅಥವಾ ಮನುಷ್ಯರು ಬರೆದ ಸ್ಕ್ರಿಪ್ಟ್. ಒಂದೇ ಯಂತ್ರದಲ್ಲಿ ಎರಡು ಅಪ್ಲಿಕೇಶನ್‌ಗಳಿದ್ದು, ಒಂದರ ಹೊಸ ಆವೃತ್ತಿ ಏರಿಸುವ ಸ್ಕ್ರಿಪ್ಟ್ ಜಾವಾ ಹೆಸರಿನದನ್ನೆಲ್ಲ ಕೊಂದುಹಾಕುವುದು ಅಪರೂಪವೇನಲ್ಲ. ಕಿಲ್ ಸಿಸ್ಟಮ್ ಕಾಲ್ ಮೇಲೆ, ಇಂಥ ಕರೆಗಳನ್ನು ದಾಖಲಿಸುವ ಆಡಿಟ್‌ಡಿಯ ಒಂದು ನಿಯಮ ಹಾಕಿ ಕಾಯಿರಿ. ಮುಂದಿನ ಸಲ ಸರ್ವರ್ ಬಿದ್ದಾಗ ಸಿಗ್ನಲ್ ಕಳಿಸಿದ ಪ್ರೊಸೆಸ್‌ನ ಸಂಖ್ಯೆ, ಕಮಾಂಡಿನ ಹೆಸರು, ಯಾವ ಬಳಕೆದಾರರ ಲಾಗಿನ್‌ನಿಂದ ಹೊರಟಿತು ಎಂಬುದು, ಹೊತ್ತು, ಎಲ್ಲವೂ ಅದರ ದಾಖಲೆಯಲ್ಲಿರುತ್ತದೆ. ಆ ಹೊತ್ತನ್ನು ಕ್ರಾನ್‌ಟ್ಯಾಬ್‌ನ ಸಾಲುಗಳ ಜತೆ, ತಂಡದ ಡಿಪ್ಲಾಯ್ ವೇಳೆಗಳ ಜತೆ ಇಟ್ಟು ನೋಡಿ.