ಇಪ್ಪತ್ತೈದನೆಯ ಸ್ಥಾನದ ಬೆಲೆ

ಗೆದ್ದವನ ಚರಿತ್ರೆಯನ್ನು ಬರೆಯುವುದು ಸುಲಭ; ಪದಕವೇ ಅರ್ಧ ಬರೆದುಕೊಡುತ್ತದೆ. ಪದಕವಿಲ್ಲದವನ ಚರಿತ್ರೆಯಲ್ಲಿ ಬರೆಯುವವನ ವಿವೇಕ ಪರೀಕ್ಷೆಗೆ ಒಳಗಾಗುತ್ತದೆ. ಮನಾಲಿಯ ಶಿವ ಕೇಶವನ್ ಅವರನ್ನು ಕುರಿತ ಬರಹಗಳನ್ನು ಓದುವಾಗಲೆಲ್ಲ ನನಗೆ ಹೀಗೆನ್ನಿಸುತ್ತದೆ.

ಅವರ ಆಟ ಲೂಜ್. ಪುಟ್ಟ ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದಾಗಿ, ಮಂಜುಗಡ್ಡೆಯ ಓಣಿಯಲ್ಲಿ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಇಳಿಯಬೇಕು. ಬಂಡಿಗೆ ಬ್ರೇಕಿಲ್ಲ; ಮೀನಖಂಡದ ಒತ್ತು, ಭುಜದ ಭಾರ, ಇಷ್ಟೇ ಚುಕ್ಕಾಣಿ. ಕಾಲವನ್ನು ಸೆಕೆಂಡಿನ ಸಾವಿರದ ಒಂದು ಪಾಲಿನವರೆಗೆ ಎಣಿಸುತ್ತಾರೆ.

1998ರಲ್ಲಿ, 16ನೆಯ ವಯಸ್ಸಿನಲ್ಲಿ, ಅವರು ಜಪಾನಿನ ನಾಗಾನೊ ಒಲಿಂಪಿಕ್ಸಿಗೆ ಹೋದರು. ಅಲ್ಲಿಂದ 2018ರ ಪ್ಯೋಂಗ್‌ಚಾಂಗ್‌ವರೆಗೆ ಒಟ್ಟು 6 ಒಲಿಂಪಿಕ್ಸ್. ಆದರೆ ಬರಹಗಾರರಿಗೆ ಪ್ರಿಯವಾದದ್ದು ಬೇರೊಂದು ಚಿತ್ರ: ಚಕ್ರ ಕಟ್ಟಿದ ಬಂಡಿಯಲ್ಲಿ, ಹಿಮಾಲಯದ ಡಾಂಬರು ರಸ್ತೆಯ ಮೇಲೆ, ಲಾರಿ ಮತ್ತು ಕುರಿಮಂದೆಗಳ ನಡುವೆ ನುಸುಳುವ ಸಾಹಸಿ. ಚಿತ್ರವೇನೋ ನಿಜ. ಅದನ್ನು ಕೊಂಡಾಡುವ ಭರದಲ್ಲಿ ಕೊರತೆಯೇ ಒಂದು ಗುಣವೆಂಬಂತೆ ಬರೆದುಬಿಡುತ್ತಾರೆಂಬುದು ನನ್ನ ಆಕ್ಷೇಪ. ಡಾಂಬರು ಧೈರ್ಯ ಕಲಿಸೀತು; ಮಂಜುಗಡ್ಡೆಯ ತಿರುವಿನಲ್ಲಿ ಎಷ್ಟು ಎತ್ತರ ಏರಬೇಕು, ಯಾವ ಕ್ಷಣದಲ್ಲಿ ಇಳಿಯಬೇಕು ಎಂಬುದನ್ನು ಕಲಿಸಲಾರದು. ಆ ವಿದ್ಯೆ ಮತ್ತೆ ಮತ್ತೆ ಇಳಿದವನ ಬೆನ್ನಿಗೆ ಮಾತ್ರ ಒಲಿಯುತ್ತದೆ. ಅವರ ಕಾಲದ ಜರ್ಮನಿಯಲ್ಲಿ ಅಂಥ ಓಣಿಗಳು 4 ಇದ್ದವು. ಭಾರತದಲ್ಲಿ ಒಂದೂ ಇರಲಿಲ್ಲ.

2006ರ ಟ್ಯೂರಿನ್‌ನಲ್ಲಿ ಅವರು ಪಡೆದ 25ನೆಯ ಸ್ಥಾನವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಒಲಿಂಪಿಕ್ಸಿನಲ್ಲಿ ಅವರು ಏರಿದ ಅತಿ ಮೇಲಿನ ಸ್ಥಾನ ಅದೇ. ಅದನ್ನು 'ಪಾಪ' ಎಂದು ಕನಿಕರಿಸುವುದೂ 'ಅದ್ಭುತ' ಎಂದು ಮೆರೆಸುವುದೂ ಒಂದೇ ಬಗೆಯ ಸೋಮಾರಿತನ. 2011ರಿಂದ 2017ರೊಳಗೆ ಅವರು 4 ಬಾರಿ ಏಷ್ಯಾ ಚಾಂಪಿಯನ್ ಆದರು. ಬರಿಯ ಎದೆಗಾರಿಕೆಗೆ ದಕ್ಕುವ ಗೆಲವೆ ಇದು?

ಇನ್ನೊಂದು ಸಂಗತಿ. 2014ರ ಸೋಚಿ ಒಲಿಂಪಿಕ್ಸಿನ ವೇಳೆಗೆ ಭಾರತದ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿತ್ತು. ಕೇಶವನ್ ದೇಶದ ಧ್ವಜವಿಲ್ಲದೆ, ಒಲಿಂಪಿಕ್ ಧ್ವಜದಡಿ ಸ್ಪರ್ಧಿಸಿದರು. ಅವರ ಸ್ಪರ್ಧೆ ಮುಗಿದ ಎರಡೇ ದಿನಕ್ಕೆ ಅಮಾನತು ತೆರವಾಯಿತು! ಇದನ್ನೂ ವೀರನ ಹಾದಿಯ ಒಂದು ಕಲ್ಲೆಂದು ಬರೆದು ದಾಟಿಬಿಡುವುದುಂಟು. ಆ ಕಲ್ಲನ್ನು ಇಟ್ಟವರು ಯಾರೆಂದು ಕೇಳುವುದು ಬೇಡವೆ?

ಅರ್ಜುನ ಪ್ರಶಸ್ತಿ ಬಂದದ್ದು 2020ರಲ್ಲಿ, ಅವರು ಕಣ ಬಿಟ್ಟ ಮೇಲೆ. ಮುಂದೆ ಅವರ ಚರಿತ್ರೆಯನ್ನು ಬರೆಯುವವರಲ್ಲಿ ನನ್ನದೊಂದು ಕೋರಿಕೆ: ಕುರಿಮಂದೆಯ ಪ್ರಸಂಗ ಒಂದು ಪುಟಕ್ಕೆ ಸಾಕು; ಉಳಿದ ಪುಟಗಳಲ್ಲಿ ಆ ಮಂಜಿನ ಓಣಿಯ ತಿರುವುಗಳನ್ನು ಒಂದೊಂದಾಗಿ ವಿವರಿಸಿ.