ಬಣ್ಣ ಬಿಡಿ, ಬೀಜ ನೋಡಿ

ಚಳಿ ಮುಗಿಯುತ್ತಿದ್ದಂತೆ ಮಾಲ್ಟಾ, ಸೈಪ್ರಸ್, ಇಸ್ರೇಲ್‌ಗಳ ಮರಳು ದಂಡೆಗೂ ಬೀಳುಬಿದ್ದ ಹೊಲಕ್ಕೂ ಗುಲಾಬಿ ಬಣ್ಣ ಬಳಿಯುವ ಏಕವಾರ್ಷಿಕ ಗಿಡವೊಂದಿದೆ: ಸೈಲೀನ್ ಕೊಲೊರಾಟ. ಫ್ರಾನ್ಸಿನ ಸಸ್ಯವಿಜ್ಞಾನಿ ಪ್ವಾರೆ 1789ರಲ್ಲಿ ಅದಕ್ಕೆ ಹೆಸರಿಟ್ಟ. ಅದನ್ನು ಗುರುತಿಸಹೊರಟವರು ಮೊದಲು ನೋಡುವುದು ಬಣ್ಣವನ್ನೇ. ನನ್ನ ತಕರಾರೂ ಅಲ್ಲೇ. ಮೆಡಿಟರೇನಿಯನ್ ಸುತ್ತ ಗುಲಾಬಿ ಹೂವಿನ ಸೈಲೀನ್‌ಗಳು ಹಲವಾರು. ಸಾಲದ್ದಕ್ಕೆ ಕೊಲೊರಾಟವೇ ಒಮ್ಮೊಮ್ಮೆ ಬಿಳಿ ಹೂ ಬಿಡುತ್ತದೆ. ಬಣ್ಣ ಲಿನೇಯಸ್‌ನನ್ನೂ ಎಡವಿಸಿತು. ಅವನು 1753ರ ತನ್ನ ಪುಸ್ತಕದಲ್ಲಿ ಸೈಲೀನ್ ಗ್ಯಾಲಿಕಾವನ್ನು ಹೆಸರಿಸಿದ. ಐದೂ ದಳಗಳಲ್ಲಿ ಕಡುಗೆಂಪು ಮಚ್ಚೆಯಿದ್ದ ಗಿಡವನ್ನು ಅದೇ ಪುಸ್ತಕದಲ್ಲಿ ಬೇರೆ ಪ್ರಭೇದವೆಂದು ಬರೆದ. ಈಗ ಆ ಮಚ್ಚೆಗೆ ಗ್ಯಾಲಿಕಾದ ಒಂದು ಬಗೆ ಎನ್ನುವಷ್ಟೇ ಮರ್ಯಾದೆ.

ನಂಬಬೇಕಾದ ಸಾಕ್ಷಿ ದಳದ ಕೆಳಗಿದೆ. ಹೂವಿನ ಹಸಿರು ಬಟ್ಟಲಿನ ಮೇಲೆ ಉದ್ದುದ್ದ ಗೆರೆಗಳನ್ನು ಎಣಿಸಿ: ಹತ್ತಿದ್ದರೆ ಮುಂದುವರಿಯಿರಿ, ಮೂವತ್ತರ ಹತ್ತಿರವಿದ್ದರೆ ಅದು ಸೈಲೀನ್ ಕೋನಿಕಾದ ಕಡೆಯದು. ಹೂವಿನ ನಡುವಿನ ಶಲಾಕೆಯ ಎಳೆ ಮೂರರ ಬದಲು ಎರಡಿದ್ದರೆ ಸೈಲೀನ್ ಕುಲವನ್ನೇ ಬಿಟ್ಟು ಪೆಟ್ರೊರಾಗಿಯಾದಂಥ ನೆಂಟರತ್ತ ಹೋಗಬೇಕು. ಕೊನೆಯ ಮಾತು ಬೀಜದ್ದು. ಕೊಲೊರಾಟದ ಬೀಜದ ಬೆನ್ನಿನಲ್ಲಿ ಒಂದು ಕಾಲುವೆ, ಅದರ ಎರಡೂ ಅಂಚಿಗೆ ನಿರಿಗೆ ಹಿಡಿದಂಥ ರೆಕ್ಕೆ. ಲೆನ್ಸ್ ಇಟ್ಟು ಇದನ್ನು ಒಮ್ಮೆ ನೋಡಿದವರಿಗೆ ದಳದ ಮೋಹ ತಾನಾಗಿ ಇಳಿಯುತ್ತದೆ.

ಹೂವಿರುವಾಗ ಬೀಜ ಎಲ್ಲಿಂದ ತರುವುದು ಎಂಬ ಆಕ್ಷೇಪ ಸಹಜ. ಈ ಗಿಡ ಕೆಳಗಿನಿಂದ ಮೇಲಕ್ಕೆ ಅರಳುತ್ತದೆ. ತುದಿಯಲ್ಲಿ ಮೊಗ್ಗಿರುವಾಗಲೇ ಬುಡದ ಕಾಯಿ ಬಲಿತಿರಬಹುದು. ಸೈಲೀನ್ ಅಪೆಟಾಲಕ್ಕೂ ಇಂಥದೇ ರೆಕ್ಕೆಯ ಬೀಜವಿದೆಯಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ನಿಜ, ಅಲ್ಲಿ ದಳವನ್ನು ಕೇಳಲೇಬೇಕು, ಆದರೆ ಬಣ್ಣವನ್ನಲ್ಲ, ಆಕಾರವನ್ನು: ಅಪೆಟಾಲದಲ್ಲಿ ದಳವೇ ಇರದು, ಇದ್ದರೂ ತೀರಾ ಚಿಕ್ಕದು, ಕೊಲೊರಾಟದ್ದು ದೊಡ್ಡದು, ಆಳವಾಗಿ ಎರಡು ಸೀಳಾದದ್ದು. ಮೊಬೈಲ್ ಆ್ಯಪ್ ಕ್ಷಣದಲ್ಲಿ ಹೆಸರು ಹೇಳುತ್ತದೆ ಎನ್ನುವವರೂ ಇದ್ದಾರೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಬಟ್ಟಲೂ ಇಲ್ಲ, ಬೀಜವೂ ಇಲ್ಲ. ಇಲ್ಲದ ಸಾಕ್ಷಿಯನ್ನು ಆ್ಯಪ್ ತೂಗುವುದಾದರೂ ಹೇಗೆ?

ಇದನ್ನು ಪರೀಕ್ಷಿಸಲು ಸಮುದ್ರ ದಾಟಬೇಕಿಲ್ಲ. ಮೆಡಿಟರೇನಿಯನ್ ಮೂಲದ ಗ್ಯಾಲಿಕಾ ನೀಲಗಿರಿಯಲ್ಲೂ ಕಳೆಯಾಗಿ ನೆಲೆಸಿದೆ. ಸೀಳಿಲ್ಲದ ಪುಟ್ಟ ದಳ, ಬಟ್ಟಲಿನ ಮೇಲೆ ಉದ್ದ ರೋಮ, ರೆಕ್ಕೆಯಿಲ್ಲದ ಬೀಜ. ಊಟಿಗೆ ಹೋಗುವವರು ಜೇಬಿನಲ್ಲಿ ಒಂದು ಲೆನ್ಸ್ ಇಟ್ಟುಕೊಂಡಿರಿ.